ಪ್ರೊಟೀನ್ ಆಕಾರವನ್ನು ಕಂಪ್ಯೂಟರೇ ಹೇಳುತ್ತದಂತೆ, ಹಾಗಾದರೆ ಮಗಳು ಇದರಲ್ಲಿ ಪಿಎಚ್‌ಡಿ ಮಾಡಬೇಕಾ?

ಸ್ಮಿತಾ_ಔಂಧ್
ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಪುಣೆಗೆ ಬಂದು ಬಹಳ ವರ್ಷಗಳಾದವು. ಮಗಳು ಬಯೋಟೆಕ್ನಾಲಜಿಯಲ್ಲಿ ಎಂಎಸ್ಸಿ ಮುಗಿಸಿದ್ದಾಳೆ, ನೆಟ್ ಕೂಡ ಪಾಸಾಗಿದೆ. ಈಗ ಎರಡು ದಾರಿ ಇದೆ. ಪಾಷಾಣ್ ಕಡೆಯ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ. ಪ್ರೊಟೀನ್‌ಗಳ ರಚನೆ ಕಂಡುಹಿಡಿದು, ಅದನ್ನು ನೋಡಿ ಔಷಧ ಹುಡುಕುವ ಕೆಲಸ. ಇನ್ನೊಂದು, ಹಿಂಜವಡಿಯ ಕಂಪನಿಯಲ್ಲಿ ಡೇಟಾ ಕೆಲಸ. ಸಂಬಳ ಚೆನ್ನಾಗಿದೆ.

ಅವಳಿಗೆ ಲ್ಯಾಬೇ ಬೇಕು. ನನ್ನ ಮೈದುನ ಮಾತ್ರ ಬೇಡವೇ ಬೇಡ ಅನ್ನುತ್ತಾರೆ. "ಎಲ್ಲ ಪ್ರೊಟೀನ್‌ಗಳ ಆಕಾರವನ್ನೂ ಕಂಪ್ಯೂಟರ್ ಆಗಲೇ ಹೇಳಿಬಿಟ್ಟಿದೆ, ಅದಕ್ಕೆ ನೊಬೆಲ್ ಕೂಡ ಬಂತು, ಇನ್ನು ಐದು ವರ್ಷ ಲ್ಯಾಬ್‌ನಲ್ಲಿ ಕೂತು ಮಾಡುವುದೇನು" ಅಂತ ಅವರ ವಾದ. ನಾನು ಕಾಮರ್ಸ್ ಓದಿದವಳು. ಇಲ್ಲಿ ಲ್ಯಾಬ್‌ನವರು, ಡಾಕ್ಟರುಗಳು ಇದ್ದೀರಿ. ನಿಜವಾಗಿ ಕೆಲಸ ಮುಗಿದಿದೆಯಾ? ಹೀಗೆ ರಚನೆ ನೋಡಿ ಮಾಡಿದ ಔಷಧ ಯಾವುದಾದರೂ ನಮ್ಮಂಥವರ ಮನೆಗೆ ಬಂದಿದೆಯಾ? ಬಿಡಿಸಿ ಹೇಳಿ.

ರಾಘು_ವಾಕಡ್
ನಿಮ್ಮ ಮೈದುನರ ಮಾತಿನಲ್ಲಿ ಹುರುಳಿದೆ ಅಕ್ಕ. ಆಲ್ಫಾಫೋಲ್ಡ್ ಅಂತ ಪ್ರೊಟೀನ್ ಆಕಾರ ಊಹಿಸುವ ಕಂಪ್ಯೂಟರ್ ಪ್ರೋಗ್ರಾಂ ಇದೆ. ಅದು 2022ರ ಜುಲೈನಲ್ಲಿ 20 ಕೋಟಿಗೂ ಜಾಸ್ತಿ ಪ್ರೊಟೀನ್‌ಗಳ ರಚನೆಯನ್ನು ಪುಕ್ಕಟೆ ಬಿಟ್ಟುಕೊಟ್ಟಿತು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಅದನ್ನು ಮಾಡಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಹೋಯಿತು. ಇನ್ನರ್ಧ ಹೊಸ ಪ್ರೊಟೀನ್ ವಿನ್ಯಾಸ ಮಾಡುವ ಡೇವಿಡ್ ಬೇಕರ್ ಅವರಿಗೆ. ಮೊದಲು ಒಂದು ರಚನೆಗೆ ವರ್ಷಗಟ್ಟಲೆ ಬೇಕಿತ್ತು. ಈಗ ನಿಮಿಷಗಳ ಕೆಲಸ. ಹುಡುಗಿ ಕೋಡಿಂಗ್ ಕಲಿಯಲಿ. ಲ್ಯಾಬ್ ಕೆಲಸಕ್ಕೆ ಇನ್ನು ಬೆಲೆ ಇಲ್ಲ.

ಪಾಷಾಣ್_ಲ್ಯಾಬ್
ರಾಘು ಅವರೇ, ನೀವು ಕೊಟ್ಟ ಅಂಕಿಗಳೆಲ್ಲ ಸರಿ. ಕೊನೆಯ ಸಾಲನ್ನು ಮಾತ್ರ ಒಪ್ಪುವುದಿಲ್ಲ. ನಾನು ಇದೇ ಕೆಲಸ ಮಾಡುವವಳು.

ಆಲ್ಫಾಫೋಲ್ಡ್ ಕಲಿತದ್ದು ಎಲ್ಲಿಂದ? ಪ್ರೊಟೀನ್ ಡೇಟಾ ಬ್ಯಾಂಕ್‌ನಿಂದ. ಅದು 1971ರಲ್ಲಿ ಶುರುವಾದಾಗ ಅದರಲ್ಲಿ ಇದ್ದದ್ದು 7 ರಚನೆ. ಈಗ 2 ಲಕ್ಷಕ್ಕೂ ಜಾಸ್ತಿ. ಅಷ್ಟನ್ನೂ ಲ್ಯಾಬ್‌ನವರು ಹರಳು ಬೆಳೆಸಿ ಎಕ್ಸ್-ರೇ ಹಾಯಿಸಿ, ಇಲ್ಲವೇ ಎನ್‌ಎಂಆರ್ ಎಂಬ ಕಾಂತಕ್ಷೇತ್ರದ ಯಂತ್ರದಲ್ಲಿ, ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹಾಕಿದ್ದು. ಅವರೆಲ್ಲ ಮುಚ್ಚಿಡದೆ ಹಂಚಿಕೊಂಡಿದ್ದರಿಂದಲೇ ಕಂಪ್ಯೂಟರಿಗೆ ಕಲಿಯಲು ಏನಾದರೂ ಸಿಕ್ಕಿತು.

ಅದು ಕೊಡುವುದು ಊಹೆ. ಒಳ್ಳೆಯ ಊಹೆ, ನಾನೂ ದಿನಾ ಬಳಸುತ್ತೇನೆ. ಪ್ರತಿ ಭಾಗದ ಮೇಲೂ ತನಗೆಷ್ಟು ನಂಬಿಕೆ ಅಂತ 100ಕ್ಕೆ ಅಂಕ ಹಾಕಿ ಅದೇ ಹೇಳುತ್ತದೆ. 90 ದಾಟಿದರೆ ಧೈರ್ಯವಾಗಿ ಮುಂದುವರಿಯಬಹುದು. 50ರ ಕೆಳಗಿದ್ದರೆ ಆ ಭಾಗದ ಚಿತ್ರಕ್ಕೆ ಅರ್ಥವಿಲ್ಲ. ನಮ್ಮ ಮೈಯ ಪ್ರೊಟೀನ್‌ಗಳಲ್ಲಿ ಒಂದೇ ಆಕಾರಕ್ಕೆ ನಿಲ್ಲದ ಭಾಗಗಳು ಬೇಕಾದಷ್ಟಿವೆ.

ಔಷಧಕ್ಕೆ ಬಂದರೆ ತೊಂದರೆಯೇ ಬೇರೆ. ಪ್ರೊಟೀನ್ ಅಲ್ಲಾಡುತ್ತದೆ, ತೆರೆಯುತ್ತದೆ, ಮುಚ್ಚುತ್ತದೆ. ಔಷಧದ ಅಣು ಕೂರುವ ಜಾಗ ಕೆಲವೊಮ್ಮೆ ಅಣು ಬಂದ ಮೇಲೇ ತೆರೆದುಕೊಳ್ಳುತ್ತದೆ. ಕ್ಯಾನ್ಸರ್‌ನಲ್ಲಿ ಕೆಡುವ ಕೆ-ರಾಸ್ ಅಂತ ಒಂದು ಪ್ರೊಟೀನ್ ಇದೆ. ಅದಕ್ಕೆ ಔಷಧವೇ ಆಗದು ಅಂತ ದಶಕಗಟ್ಟಲೆ ಕೈಬಿಟ್ಟಿದ್ದರು. 2013ರಲ್ಲಿ ಕೆವನ್ ಶೋಕಟ್ ಅವರ ತಂಡ ಅದಕ್ಕೆ ಅಣು ಅಂಟಿಸಿ ಹರಳು ಬೆಳೆಸಿ ನೋಡಿತು. ಅದುವರೆಗಿನ ರಚನೆಗಳಲ್ಲಿ ಕಾಣದಿದ್ದ ಒಂದು ಸಂದು ಅಲ್ಲಿ ಕಂಡಿತು. ಆ ಸಂದಿಗೆ ಹೊಂದುವ ಸೊಟೊರಾಸಿಬ್ ಎಂಬ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹರಳು ನೋಡದಿದ್ದರೆ ಆ ಸಂದು ಇದೆ ಅಂತ ಯಾರಿಗೆ ಗೊತ್ತಾಗುತ್ತಿತ್ತು?

ಮಾಟುಂಗಾ_ಶೆಟ್ಟಿ
ನಾನು ಹೋಟೆಲ್ ಕೆಲಸ ಮಾಡುತ್ತಾ ಮುಂಬೈಯ ಕನ್ನಡ ನೈಟ್ ಸ್ಕೂಲ್‌ನಲ್ಲಿ ಓದಿದವನು. ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಪ್ರೊಟೀನ್ ಅಂದರೆ ಬೇಳೆ, ಮೊಟ್ಟೆಯಲ್ಲಿ ಇರುವುದು ಅಂತ ತಿಳಿದಿದ್ದೇನೆ. ಅದರ ಆಕಾರಕ್ಕೂ ಮಾತ್ರೆಗೂ ಏನು ಸಂಬಂಧ?

ಡಾಕ್ಟ್ರು_ಚಿಂಚವಡ್
ಶೆಟ್ರೇ, ಒಳ್ಳೆಯದೇ ಕೇಳಿದಿರಿ. ತಿಂದ ಬೇಳೆಯ ಪ್ರೊಟೀನನ್ನು ಮೈ ಪುಡಿ ಮಾಡಿ, ಅದೇ ಅಮೈನೋ ಆಮ್ಲಗಳಿಂದ ತನಗೆ ಬೇಕಾದ ಸಾವಿರಾರು ಪ್ರೊಟೀನ್ ಕಟ್ಟಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಒಂದು, ಇನ್ಸುಲಿನ್ ಇನ್ನೊಂದು. ವೈರಸ್‌ಗೂ ಬ್ಯಾಕ್ಟೀರಿಯಾಕ್ಕೂ ಅವರವರ ಪ್ರೊಟೀನ್ ಇರುತ್ತವೆ. ಪ್ರತಿಯೊಂದೂ ತನ್ನದೇ ರೀತಿ ಮಡಿಚಿಕೊಂಡಿರುತ್ತದೆ. ಆ ಆಕಾರದಿಂದಲೇ ಅದರ ಕೆಲಸ. ಬೀಗದ ಒಳಗೆ ಬೇರೆ ಕೀಲಿಕೈ ತುರುಕಿ ಮುರಿದುಬಿಟ್ಟರೆ ಬಾಗಿಲು ತೆರೆಯಲ್ಲ ಅಲ್ವಾ? ರೋಗದ ಪ್ರೊಟೀನ್ ಕೆಲಸ ಮಾಡುವ ಜಾಗದಲ್ಲಿ ಔಷಧದ ಅಣು ಹೋಗಿ ಹಾಗೆ ಕೂರುತ್ತದೆ. ಆ ಜಾಗ ಹೇಗಿದೆ ಅಂತ ಗೊತ್ತಿದ್ದರೆ ಅಣುವನ್ನು ಅದಕ್ಕೆ ತಕ್ಕಂತೆ ಮಾಡಬಹುದು.

ಸ್ಮಿತಾ ಅವರೇ, ಮನೆಗೆ ಬಂದ ಔಷಧ ಕೇಳಿದಿರಿ. ಬಿಪಿ ಮಾತ್ರೆಗಳನ್ನು ನೋಡಿ. ಎನಲಾಪ್ರಿಲ್, ರಾಮಿಪ್ರಿಲ್ ಎಲ್ಲದಕ್ಕೂ ಹಿರಿಯದು ಕ್ಯಾಪ್ಟೊಪ್ರಿಲ್. ಬ್ರೆಜಿಲ್‌ನ ಜರರಾಕಾ ಎಂಬ ಹಾವಿನ ವಿಷದಲ್ಲಿ ರಕ್ತದೊತ್ತಡ ಇಳಿಸುವ ಪೆಪ್ಟೈಡ್, ಅಂದರೆ ಪ್ರೊಟೀನ್‌ನಂಥದ್ದೇ ಚಿಕ್ಕ ತುಂಡು, ಇದೆ ಅಂತ ಗೊತ್ತಾಗಿತ್ತು. ತಡೆಯಬೇಕಾದದ್ದು ನಮ್ಮ ಮೈಯಲ್ಲಿ ರಕ್ತದೊತ್ತಡ ಏರಿಸುವ ಎಸಿಇ ಎಂಬ ಪ್ರೊಟೀನ್. ಅದರ ರಚನೆ ಆಗ ಯಾರಿಗೂ ಗೊತ್ತಿರಲಿಲ್ಲ. ಅದೇ ಥರದ ಇನ್ನೊಂದು ಪ್ರೊಟೀನ್‌ನ ರಚನೆ ಇತ್ತು, ಅದನ್ನು ಮಾದರಿ ಇಟ್ಟುಕೊಂಡು ಅಣು ಮಾಡಿದರು. 1981ರಲ್ಲಿ ಔಷಧ ಬಂತು. ಎಸಿಇಯ ಸ್ವಂತ ರಚನೆ ಬಂದದ್ದು 2003ರಲ್ಲಿ, ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ರವಿ ಆಚಾರ್ಯ ಅವರ ತಂಡದಿಂದ.

ಎಚ್‌ಐವಿ ಕಥೆ ಇನ್ನೂ ನೇರ. ವೈರಸ್‌ನ ಪ್ರೊಟಿಯೇಸ್, ಅಂದರೆ ಬೇರೆ ಪ್ರೊಟೀನ್‌ಗಳನ್ನು ಕತ್ತರಿಸುವ ಪ್ರೊಟೀನ್, ಅದರ ರಚನೆ 1989ರಲ್ಲಿ ಸಿಕ್ಕಿತು. 1995ರ ಡಿಸೆಂಬರ್‌ನಲ್ಲಿ ಅದನ್ನು ತಡೆಯುವ ಮೊದಲ ಔಷಧ ಸಾಕ್ವಿನಾವಿರ್ ಮಾರುಕಟ್ಟೆಗೆ ಬಂತು. ಆರೇ ವರ್ಷ. ವಾರ್ಡಿನಲ್ಲಿ ಸಾಯುತ್ತಿದ್ದವರು ಎದ್ದು ಮನೆಗೆ ಹೋಗತೊಡಗಿದ ಕಾಲ ಅದು.

ಮಾಟುಂಗಾ_ಶೆಟ್ಟಿ
ಈಗ ಅರ್ಥವಾಯಿತು ಡಾಕ್ಟ್ರೇ. ಎಚ್‌ಐವಿಗೆ ದಿನಕ್ಕೆ ಒಂದು ಡಾಲರ್‌ಗೂ ಕಮ್ಮಿಗೆ ಔಷಧ ಕೊಟ್ಟದ್ದು ನಮ್ಮ ಮುಂಬೈಯ ಸಿಪ್ಲಾ ಅಲ್ವಾ? ಅದೂ ಈ ಪ್ರೊಟಿಯೇಸ್ ಔಷಧವೇ?

ಡಾಕ್ಟ್ರು_ಚಿಂಚವಡ್
ಸಿಪ್ಲಾ ಹೌದು. 2001ರಲ್ಲಿ ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇವೆ ಅಂತ ಮುಂದೆ ಬಂದರು. ಆಗ ದೊಡ್ಡ ಕಂಪನಿಗಳ ಬೆಲೆ 10 ಸಾವಿರ ಡಾಲರ್ ಆಸುಪಾಸು ಇತ್ತು. ಆದರೆ ಆ ಮೂರು ಔಷಧಗಳಲ್ಲಿ ಪ್ರೊಟಿಯೇಸ್‌ನದ್ದು ಇರಲಿಲ್ಲ. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್. ಮೂರೂ ವೈರಸ್‌ನ ಇನ್ನೊಂದು ಪ್ರೊಟೀನನ್ನು ತಡೆಯುತ್ತವೆ.

ಖಾರ್‌ಘರ್_ನಾಯಕ್
ಪಟ್ಟಿಗೆ ಇಮ್ಯಾಟಿನಿಬ್ ಸೇರಿಸಿ. ರಕ್ತದ ಕ್ಯಾನ್ಸರ್ ಮಾತ್ರೆ, 2001. ರಚನೆ ನೋಡಿ ಮಾಡಿದ ಔಷಧ ಅಂದರೆ ಮೊದಲು ನೆನಪಾಗುವುದೇ ಅದು.

ಪಾಷಾಣ್_ಲ್ಯಾಬ್
ನಾಯಕ್ ಅವರೇ, ಇಮ್ಯಾಟಿನಿಬ್ ಸಿಕ್ಕಿದ್ದು ಅಣುಗಳನ್ನು ಒಂದೊಂದಾಗಿ ಪರೀಕ್ಷಿಸಿ, ತಿದ್ದಿ. ಅದು ಪ್ರೊಟೀನ್ ಒಳಗೆ ಹೇಗೆ ಕೂರುತ್ತದೆ ಅಂತ ಜಾನ್ ಕುರಿಯನ್ ಅವರ ತಂಡ ತೋರಿಸಿದ್ದು 2000ದಲ್ಲಿ, ಔಷಧ ಆಗಲೇ ರೋಗಿಗಳ ಮೇಲೆ ಪ್ರಯೋಗದಲ್ಲಿತ್ತು. ರಚನೆಯಿಂದ ಲಾಭ ಆದದ್ದು ಆಮೇಲೆ. ಕೆಲವು ರೋಗಿಗಳಲ್ಲಿ ಮಾತ್ರೆ ಹಿಡಿಯದೆ ಹೋದಾಗ ಯಾವ ಅಮೈನೋ ಆಮ್ಲ ಬದಲಾಗಿ ದಾರಿ ಕಟ್ಟಿದೆ ಅಂತ ಕಂಡಿತು. ಮುಂದಿನ ಕೆಲವು ಔಷಧಗಳನ್ನು ಅದನ್ನು ನೋಡಿಯೇ ಮಾಡಿದರು. ಎಲ್ಲ ಶ್ರೇಯವನ್ನೂ ರಚನೆಗೇ ಕೊಟ್ಟರೆ ಔಷಧ ಮಾಡುವ ರಸಾಯನಶಾಸ್ತ್ರದವರಿಗೆ ಅನ್ಯಾಯವಾಗುತ್ತದೆ.

ಖಾರ್‌ಘರ್_ನಾಯಕ್
ಸರಿ, ಆದರೆ ಆ ಮಾತ್ರೆ ನಮ್ಮ ಜನರ ಕೈಗೆ ಎಟುಕುವಂತೆ ಉಳಿದದ್ದು 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಪೇಟೆಂಟ್ ಕೊಡಲಾಗದು ಅಂದರು, ಇಲ್ಲಿನ ಕಂಪನಿಗಳು ಕಮ್ಮಿ ಬೆಲೆಗೆ ಮಾಡುವುದಕ್ಕೆ ಅಡ್ಡಿ ಇಲ್ಲದಾಯಿತು. ಲ್ಯಾಬ್‌ನಲ್ಲಿ ಎಷ್ಟೇ ಕಂಡುಹಿಡಿಯಿರಿ, ಬೆಲೆ ಎಟುಕದಿದ್ದರೆ ಏನು ಬಂತು?

ಅನು_ಚೆಂಬೂರ್
ಇದು ನಮ್ಮ ಮನೆಯದ್ದೇ ವಿಷಯ, ಅದಕ್ಕೆ ಬರೆಯುತ್ತಿದ್ದೇನೆ. ತಮ್ಮನಿಗೆ ಟಿಬಿ ಆಗಿತ್ತು. ಮೊದಲು ತೋರಿಸಿದ ಕಡೆ ಮಾಮೂಲಿ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಕಳೆದರು. ಆಮೇಲೆ ಬೇರೆ ಕಡೆ ಕಫದ ಸಿಬಿನ್ಯಾಟ್ ಪರೀಕ್ಷೆ ಮಾಡಿಸಿದಾಗ ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ಹಿಡಿಯುವುದಿಲ್ಲ ಅಂತ ಬಂತು. ದಿನಾ ಸೂಜಿ ಚುಚ್ಚಿ ಚುಚ್ಚಿ ಅವನ ಒಂದು ಕಿವಿ ಮಂದವಾಯಿತು. ಗುಣ ಆದ, ಆದರೆ ಅದರ ನೋವು ಇನ್ನೂ ಇದೆ. ಅದೇ ರಿಫಾಂಪಿಸಿನ್ ಪಕ್ಕದ ಮನೆಯವರಿಗೆ ಹಿಡಿದು ಇವನಿಗೆ ಯಾಕೆ ಹಿಡಿಯಲಿಲ್ಲ ಅಂತ ಯಾರೂ ನಮಗೆ ತಿಳಿಸಿ ಹೇಳಲಿಲ್ಲ. ಇದಕ್ಕೂ ಪ್ರೊಟೀನ್‌ಗೂ ಸಂಬಂಧ ಇದೆಯಾ?

ಪಾಷಾಣ್_ಲ್ಯಾಬ್
ಅನು ಅವರೇ, ತಮ್ಮನ ವಿಷಯ ಓದಿ ಸಂಕಟವಾಯಿತು. ಸಂಬಂಧ ಇದೆ, ನೇರವಾಗಿ ಇದೆ.

ಟಿಬಿ ಬ್ಯಾಕ್ಟೀರಿಯಾ ಬದುಕಬೇಕಾದರೆ ತನ್ನ ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುತ್ತಲೇ ಇರಬೇಕು. ಅದನ್ನು ಮಾಡುವ ದೊಡ್ಡ ಪ್ರೊಟೀನ್ ಆರ್‌ಎನ್‌ಎ ಪಾಲಿಮರೇಸ್. ರಿಫಾಂಪಿಸಿನ್ ಅದರ ಒಳಗೆ ಎಲ್ಲಿ ಕೂರುತ್ತದೆ ಅಂತ 2001ರಲ್ಲಿ ಸೆತ್ ಡಾರ್ಸ್ಟ್ ಅವರ ತಂಡ ತೋರಿಸಿತು. ಬಿಸಿನೀರಿನ ಬುಗ್ಗೆಯ ಒಂದು ಬ್ಯಾಕ್ಟೀರಿಯಾದ ಪ್ರೊಟೀನ್ ಬಳಸಿದ್ದರು. ಹೊಸ ಆರ್‌ಎನ್‌ಎ ಹೊರಗೆ ಬೆಳೆಯುವ ದಾರಿಯಲ್ಲೇ ಔಷಧ ಅಡ್ಡ ಕೂರುತ್ತದೆ. ಆ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕು, ಔಷಧ ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ತಮ್ಮನಿಗೆ ತಗುಲಿದ ಬ್ಯಾಕ್ಟೀರಿಯಾದಲ್ಲಿ ಬಹುಶಃ ಹಾಗೇ ಆಗಿತ್ತು. ಸಿಬಿನ್ಯಾಟ್ ಓದುವುದು ಆ ಜಾಗಕ್ಕೆ ಸಂಬಂಧಿಸಿದ ಜೀನ್‌ನ 81 ಅಕ್ಷರಗಳ ತುಂಡನ್ನು. ಅದಕ್ಕೇ ಎರಡು ಗಂಟೆಯಲ್ಲಿ ಉತ್ತರ ಬರುತ್ತದೆ.

ಡಾಕ್ಟ್ರು_ಚಿಂಚವಡ್
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಈಗ ಆ ಸೂಜಿ ಬಹುಮಟ್ಟಿಗೆ ಹೋಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಾಲ್ಕು ಮಾತ್ರೆಗಳ ಹೊಸ ಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಬೆಡಾಕ್ವಿಲಿನ್, ಪ್ರಿಟೊಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್. 20 ತಿಂಗಳವರೆಗೂ ಎಳೆಯುತ್ತಿದ್ದ ಚಿಕಿತ್ಸೆ 6 ತಿಂಗಳಿಗೆ ಇಳಿಯಿತು. ಲಿನೆಜೋಲಿಡ್ ಕೂರುವುದು ಬ್ಯಾಕ್ಟೀರಿಯಾದ ರೈಬೋಸೋಮ್‌ನಲ್ಲಿ, ಅಂದರೆ ಅದರ ಪ್ರೊಟೀನ್ ಕಟ್ಟುವ ಯಂತ್ರದಲ್ಲಿ. ನಮ್ಮ ವೆಂಕಿ ರಾಮಕೃಷ್ಣನ್ 2009ರಲ್ಲಿ ನೊಬೆಲ್ ಪಡೆದದ್ದು ಇದೇ ರೈಬೋಸೋಮ್ ರಚನೆಗೆ.

ಪಾಷಾಣ್_ಲ್ಯಾಬ್
ಸಣ್ಣ ತಿದ್ದುಪಡಿ ಡಾಕ್ಟ್ರೇ. ವೆಂಕಿ ಅವರದ್ದು ರೈಬೋಸೋಮ್‌ನ ಚಿಕ್ಕ ಭಾಗ. ಲಿನೆಜೋಲಿಡ್ ಕೂರುವುದು ದೊಡ್ಡ ಭಾಗದಲ್ಲಿ. ಅವರ ಜೊತೆ ನೊಬೆಲ್ ಹಂಚಿಕೊಂಡ ಥಾಮಸ್ ಸ್ಟೈಟ್ಸ್ ಮತ್ತು ಅದಾ ಯೋನಾತ್ ದೊಡ್ಡ ಭಾಗದ ಮೇಲೆ ಕೆಲಸ ಮಾಡಿದವರು. ಬೆಡಾಕ್ವಿಲಿನ್ ಸಿಕ್ಕಿದ್ದು ಜೀವಂತ ಬ್ಯಾಕ್ಟೀರಿಯಾ ಮೇಲೆ ಅಣುಗಳನ್ನು ಹಾಕಿ ನೋಡಿದಾಗ, ಅದು ಹೇಗೆ ಕೂರುತ್ತದೆ ಅಂತ ಕಂಡದ್ದು ಆಮೇಲೆ.

ಅನು_ಚೆಂಬೂರ್
ಇಬ್ಬರಿಗೂ ಕೈಮುಗಿಯುತ್ತೇನೆ. ತಮ್ಮನಿಗೆ ಇದನ್ನು ಓದಿ ಹೇಳುತ್ತೇನೆ.

ಶಂಕ್ರಣ್ಣ_ಸೋಲಾಪುರ
ಎಲ್ಲ ಪರದೇಶದ ಕಥೆಯೇ ಆಯಿತು. ನಮ್ಮ ತುಳಸಿ, ಅಮೃತಬಳ್ಳಿಯ ಅಣುಗಳು ಕೊರೊನಾ ಪ್ರೊಟೀನ್‌ಗೆ ಗಟ್ಟಿಯಾಗಿ ಅಂಟುತ್ತವೆ ಅಂತ 2020ರಲ್ಲೇ ಕಂಪ್ಯೂಟರ್‌ನಲ್ಲಿ ತೋರಿಸಿದ್ದಾರೆ. ಲೇಖನಗಳೂ ಬಂದಿವೆ. ಆದರೂ ಅದನ್ನು ಯಾರೂ ಔಷಧ ಅನ್ನಲಿಲ್ಲ. ಅಂದರೆ ರಚನೆ ಎಲ್ಲ ಅವರಿಗೆ ಬೇಕಾದಾಗ ಮಾತ್ರ ಸಾಕ್ಷಿಯೇ?

ಪಾಷಾಣ್_ಲ್ಯಾಬ್
ಶಂಕ್ರಣ್ಣ, ಆ ಲೇಖನಗಳು ನನಗೂ ಗೊತ್ತು. ಅದಕ್ಕೆ ಡಾಕಿಂಗ್ ಅನ್ನುತ್ತಾರೆ. ಒಂದು ಅಣುವನ್ನು ಪ್ರೊಟೀನ್‌ನ ಸಂದಿನಲ್ಲಿ ಇಟ್ಟು ಎಷ್ಟು ಹೊಂದುತ್ತದೆ ಅಂತ ಕಂಪ್ಯೂಟರ್ ಒಂದು ಅಂಕ ಕೊಡುತ್ತದೆ. ಲಕ್ಷಾಂತರ ಅಣುಗಳಲ್ಲಿ ಯಾವುದನ್ನು ಮೊದಲು ಪರೀಕ್ಷಿಸಬೇಕು ಅಂತ ಆರಿಸಲು ಅದು ಉಪಯೋಗ. ಅಲ್ಲಿಗೆ ನಿಲ್ಲಿಸಿದರೆ ಅದು ಔಷಧ ಅಲ್ಲ. ಒಂದೇ ಅಣುವಿಗೆ ಹತ್ತು ಪ್ರೊಟೀನ್‌ಗಳ ಜೊತೆ ಒಳ್ಳೆಯ ಅಂಕ ಬರಬಹುದು. ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುತ್ತದೆಯೇ, ಲಿವರ್ ಅದನ್ನು ಎಷ್ಟು ಹೊತ್ತಿಗೆ ಒಡೆದುಹಾಕುತ್ತದೆ, ಬೇರೆ ಎಲ್ಲಿ ಕೆಡುಕು ಮಾಡುತ್ತದೆ, ಇದ್ಯಾವುದೂ ಆ ಅಂಕದಲ್ಲಿ ಇಲ್ಲ.

ಕೊರೊನಾದ ಮುಖ್ಯ ಪ್ರೊಟಿಯೇಸ್‌ಗೆ ನಿಜವಾಗಿ ಔಷಧ ಬಂತು, ಪ್ಯಾಕ್ಸ್‌ಲೊವಿಡ್. ಅದರ ನಿರ್ಮಾಟ್ರೆಲ್ವಿರ್ ಅಣು ಪ್ರೊಟೀನ್‌ಗೆ ಚೆನ್ನಾಗಿಯೇ ಅಂಟುತ್ತಿತ್ತು. ಆದರೆ ಲಿವರ್ ಬೇಗ ಒಡೆಯುತ್ತಿತ್ತು. ಅದನ್ನು ತಡೆಯಲು ಹಳೆಯ ಎಚ್‌ಐವಿ ಔಷಧ ರಿಟೊನಾವಿರ್ ಜೊತೆಗೆ ಕೊಟ್ಟರು. ಅಂಟಿದರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಶಂಕ್ರಣ್ಣ_ಸೋಲಾಪುರ
ಪರೀಕ್ಷೆ ಮಾಡಲು ಕೋಟಿಗಟ್ಟಲೆ ದುಡ್ಡು ಬೇಕು. ತುಳಸಿಗೆ ಪೇಟೆಂಟ್ ಸಿಗಲ್ಲ, ಹಾಗಾಗಿ ಯಾರೂ ದುಡ್ಡು ಹಾಕಲ್ಲ. ಪರೀಕ್ಷೆ ಮಾಡದೆ "ಸಾಬೀತಾಗಿಲ್ಲ" ಅನ್ನುವುದು ಯಾವ ನ್ಯಾಯ?

ಪಾಷಾಣ್_ಲ್ಯಾಬ್
ಆ ಮಾತು ಸರಿ, ಮತ್ತು ಗಂಭೀರವಾದದ್ದು. ಸರ್ಕಾರವೇ ದುಡ್ಡು ಹಾಕಬೇಕು. ಚೀನಾದಲ್ಲಿ ಹಾಗೇ ಆಯಿತು. ತು ಯುಯು ಹಳೆಯ ವೈದ್ಯ ಪುಸ್ತಕ ನೋಡಿ, ಗಿಡದ ಸಾರವನ್ನು ಕಮ್ಮಿ ಬಿಸಿಯಲ್ಲಿ ತೆಗೆದು, ಮಲೇರಿಯಾ ತಗುಲಿದ ಇಲಿಗಳ ಮೇಲೆ, ಕೋತಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪರೀಕ್ಷಿಸಿದರು. ಅದೇ ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್. ಅಮೃತಬಳ್ಳಿಗೂ ಹಾಗೇ ಆಗಲಿ. ಅಲ್ಲಿಯವರೆಗೆ ಡಾಕಿಂಗ್ ಅಂಕ ತೋರಿಸಿ ರೋಗಿಗೆ ಭರವಸೆ ಕೊಡುವುದು ಬೇಡ.

ಹಡಪಸರ್_ಕುಲಕರ್ಣಿ
ಲಸಿಕೆಯ ಮಾತೇ ಬಂದಿಲ್ಲವಲ್ಲ. ಕೋವಿಶೀಲ್ಡ್ ನಮ್ಮ ಹಡಪಸರದಿಂದಲೇ ಊರೂರಿಗೆ ಹೋಯಿತು. ಅದೂ ಕೊರೊನಾ ವೈರಸ್ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೊಟೀನ್ ರಚನೆ ನೋಡಿಯೇ ಮಾಡಿದ್ದು ಅಲ್ವಾ?

ಪಾಷಾಣ್_ಲ್ಯಾಬ್
ಕೋವಿಶೀಲ್ಡ್‌ನಲ್ಲಿ ಇದ್ದದ್ದು ಮಾರ್ಪಡಿಸದ ಸ್ಪೈಕ್‌ನ ಜೀನ್. ಕೋವ್ಯಾಕ್ಸಿನ್‌ನಲ್ಲಿ ಸಾಯಿಸಿದ ಇಡೀ ವೈರಸ್. ಆ ವೈರಸ್ ತಳಿಯನ್ನು ಬೇರ್ಪಡಿಸಿ ಭಾರತ್ ಬಯೋಟೆಕ್‌ಗೆ ಕೊಟ್ಟದ್ದು ನಮ್ಮ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ. ರಚನೆ ನೋಡಿ ತಿದ್ದಿದ ಸ್ಪೈಕ್ ಇದ್ದದ್ದು ಕೋವಿಶೀಲ್ಡ್ ಮಾಡಿದ ಸೀರಂನವರೇ ಮಾಡಿದ ಕೋವೊವ್ಯಾಕ್ಸ್‌ನಲ್ಲಿ. ಮಾಡೆರ್ನಾ, ಫೈಜರ್‌ನವರ ಲಸಿಕೆಗಳಲ್ಲೂ ಅದೇ ತಿದ್ದುಪಡಿ.

ರಾಘು_ವಾಕಡ್
ವೈರಸ್ ಗೊತ್ತಾದ ಕೆಲವೇ ದಿನಗಳಲ್ಲಿ ಲಸಿಕೆ ವಿನ್ಯಾಸ ಆಯಿತಂತಲ್ಲ. ಅಷ್ಟು ಅವಸರ ಮಾಡಿದ್ದನ್ನು ಜನ ಹೇಗೆ ನಂಬಬೇಕು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇವತ್ತಿಗೂ ಇದೇ ಮಾತು.

ಪಾಷಾಣ್_ಲ್ಯಾಬ್
ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಈ ಕ್ಷೇತ್ರಕ್ಕೆ ಬಂದದ್ದಕ್ಕೆ ನನಗೆ ಹೆಮ್ಮೆ ಅನ್ನಿಸುವುದೇ ಈ ಕಥೆಯಿಂದ.

ಕಥೆ ಶುರುವಾಗುವುದು ಆರ್‌ಎಸ್‌ವಿ ಎಂಬ ವೈರಸ್‌ನಿಂದ. ಎಳೆ ಕೂಸುಗಳಿಗೆ ಉಬ್ಬಸ ತರುವಂಥದ್ದು. 1960ರ ದಶಕದಲ್ಲಿ ಅಮೆರಿಕದಲ್ಲಿ ಆ ವೈರಸ್ಸನ್ನು ಫಾರ್ಮಲಿನ್‌ನಲ್ಲಿ ಸಾಯಿಸಿ ಮಕ್ಕಳಿಗೆ ಲಸಿಕೆ ಕೊಟ್ಟರು. ಆಮೇಲೆ ನಿಜವಾದ ಸೋಂಕು ಬಂದಾಗ ಲಸಿಕೆ ಪಡೆದ ಮಕ್ಕಳಿಗೇ ಕಾಯಿಲೆ ಜೋರಾಯಿತು. ಇಬ್ಬರು ಮಕ್ಕಳು ತೀರಿಕೊಂಡರು. ಅಲ್ಲಿಂದ ದಶಕಗಳ ಕಾಲ ಆ ಲಸಿಕೆ ಮುಂದೆ ಹೋಗಲಿಲ್ಲ.

ಮುಖ್ಯ ಕಾರಣ ಒಂದು ಪ್ರೊಟೀನ್‌ನ ಆಕಾರದಲ್ಲಿ ಇತ್ತು. ವೈರಸ್ ಮೈಮೇಲೆ ಎಫ್ ಎಂಬ ಪ್ರೊಟೀನ್ ಇದೆ. ನಮ್ಮ ಜೀವಕೋಶದ ಒಳಗೆ ನುಗ್ಗುವ ಮೊದಲು ಅದಕ್ಕೆ ಒಂದು ಆಕಾರ, ನುಗ್ಗಿದ ಮೇಲೆ ಇನ್ನೊಂದು. ಮೊದಲ ಆಕಾರ ಬಹಳ ಅಸ್ಥಿರ, ತಾನಾಗಿಯೇ ಎರಡನೆಯದಕ್ಕೆ ಜಾರುತ್ತದೆ. ಸಾಯಿಸಿದ ವೈರಸ್‌ನಲ್ಲಿ ಉಳಿದದ್ದು ಎರಡನೆಯದೇ. ಮಕ್ಕಳ ಮೈ ಅದನ್ನು ನೋಡಿ ಪ್ರತಿಕಾಯ ಮಾಡಿಕೊಂಡಿತು, ಆದರೆ ವೈರಸ್ ತಡೆಯಲು ಬೇಕಾದದ್ದು ಮೊದಲ ಆಕಾರಕ್ಕೆ ಅಂಟುವ ಪ್ರತಿಕಾಯ. 2013ರಲ್ಲಿ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮೊದಲ ಆಕಾರದ ರಚನೆ ತೆಗೆದು, ಅದು ಜಾರದಂತೆ ಕೆಲವು ಅಮೈನೋ ಆಮ್ಲ ಬದಲಿಸಿ ಹಿಡಿದು ನಿಲ್ಲಿಸಿದರು. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಹಿರಿಯರಿಗಾಗಿ ಎರಡು ಆರ್‌ಎಸ್‌ವಿ ಲಸಿಕೆಗಳಿಗೆ ಒಪ್ಪಿಗೆ ಸಿಕ್ಕಿತು.

ಮೆಕ್‌ಲೆಲನ್ ಮತ್ತು ಗ್ರಹಾಂ ಮೆರ್ಸ್ ಎಂಬ ಕೊರೊನಾ ವೈರಸ್‌ನ ಸ್ಪೈಕ್ ಮೇಲೂ ಕೆಲಸ ಮಾಡಿದರು. ಎರಡು ಜಾಗದಲ್ಲಿ ಪ್ರೋಲಿನ್ ಎಂಬ ಬಿಗಿಯಾದ ಅಮೈನೋ ಆಮ್ಲ ಇಟ್ಟರೆ ಸ್ಪೈಕ್ ಮೊದಲ ಆಕಾರದಲ್ಲೇ ನಿಲ್ಲುತ್ತದೆ ಅಂತ 2017ರಲ್ಲೇ ಪ್ರಕಟಿಸಿದರು. 2020ರ ಜನವರಿಯಲ್ಲಿ ಹೊಸ ವೈರಸ್‌ನ ಜೀನ್ ಬಂದಾಗ ಆ ಎರಡು ಪ್ರೋಲಿನ್ ಎಲ್ಲಿ ಇಡಬೇಕು ಅಂತ ಮೊದಲೇ ಗೊತ್ತಿತ್ತು. ಜನವರಿ 13ಕ್ಕೆ ಮಾಡೆರ್ನಾ ವಿನ್ಯಾಸ ತಯಾರು. ಮಾರ್ಚ್ 16ಕ್ಕೆ ಮೊದಲ ವ್ಯಕ್ತಿಗೆ ಚುಚ್ಚಿದರು. ಅಪಾರ್ಟ್‌ಮೆಂಟಿನವರಿಗೆ ಹೇಳಿ ರಾಘು ಅವರೇ, ಅವಸರ ಕಂಡದ್ದು ಕೊನೆಯ ಎರಡು ತಿಂಗಳಲ್ಲಿ. ಅದರ ಹಿಂದೆ ವರ್ಷಗಳ ಲ್ಯಾಬ್ ಕೆಲಸ ಇತ್ತು. ಮತ್ತೆ, ಅದು ಯಾವ ರೋಗಕ್ಕೆ ಉಪಯೋಗ ಅಂತ ಆಗ ಯಾರೂ ಹೇಳಲಾಗುತ್ತಿರಲಿಲ್ಲ.

ಹಡಪಸರ್_ಕುಲಕರ್ಣಿ
ಇಷ್ಟು ಸ್ಪಷ್ಟವಾಗಿ ಯಾವ ಪತ್ರಿಕೆಯಲ್ಲೂ ಓದಿರಲಿಲ್ಲ. ಹಿಂಜವಡಿಯ ಜೆನೋವಾ ಕೂಡ ಎಂಆರ್‌ಎನ್‌ಎ ಲಸಿಕೆ ಮಾಡಿತು. 2022ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಮಾಮೂಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬಹುದಿತ್ತು. ಹಿಂಜವಡಿ ಅಂದರೆ ಬರೀ ಐಟಿ ಅಲ್ಲ.

ಮೈದುನ_ಬಾಣೇರ್
ಅತ್ತಿಗೆ, ನನ್ನ ಮಾತು ಇಲ್ಲಿಗೆ ಬಂದಿದೆ, ಹಾಗಾಗಿ ನಾನೇ ಬರೆಯುತ್ತೇನೆ. ವಿಜ್ಞಾನ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನನ್ನ ಚಿಂತೆ ಹುಡುಗಿಯದ್ದು. ಐದಾರು ವರ್ಷ ಪಿಎಚ್‌ಡಿ, ಆಮೇಲೆ ಪರದೇಶದಲ್ಲಿ ಪೋಸ್ಟ್‌ಡಾಕ್. ಅಷ್ಟರಲ್ಲಿ ಅವಳ ಜೊತೆಯವರು ಮನೆ ತೆಗೆದುಕೊಂಡಿರುತ್ತಾರೆ. ವಾಪಸ್ ಬಂದರೆ ಕೆಲಸ ಎಷ್ಟಿವೆ? ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಪಾಷಾಣ್_ಲ್ಯಾಬ್
ನೀವು ಕೇಳಿದ್ದು ನ್ಯಾಯವೇ ಸರ್. ಪಿಎಚ್‌ಡಿ ಮಾಡುವವರಿಗೆ ಸಿಗುವ ಫೆಲೋಶಿಪ್, ಜೆಆರ್‌ಎಫ್, ಈಗ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಈ ದರ. ಬದುಕಬಹುದು, ಉಳಿತಾಯ ಕಷ್ಟ. ದುಡ್ಡು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಅದನ್ನೂ ಹೇಳಬೇಕು. ಸರ್ಕಾರಿ ಸಂಸ್ಥೆಗಳಲ್ಲಿ ಹುದ್ದೆಗಳು ಕಮ್ಮಿ. ಔಷಧ ಕಂಪನಿಗಳ ಸಂಶೋಧನಾ ವಿಭಾಗಗಳಲ್ಲಿ, ಹೊರಗಿನ ಕಂಪನಿಗಳಿಗೆ ಸಂಶೋಧನೆ ಮಾಡಿಕೊಡುವ ಬೆಂಗಳೂರು, ಹೈದರಾಬಾದ್, ಪುಣೆಯ ಕಂಪನಿಗಳಲ್ಲಿ ಜಾಸ್ತಿ.

ಲ್ಯಾಬ್‌ನ ದಿನ ಹೇಗಿರುತ್ತದೆ ಅಂತಲೂ ಹುಡುಗಿಗೆ ಗೊತ್ತಿರಲಿ. ಜೀನ್ ಅನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿ ಪ್ರೊಟೀನ್ ಬೆಳೆಸಬೇಕು. ಕೋಲ್ಡ್ ರೂಮ್‌ನಲ್ಲಿ ನಿಂತು ಶುದ್ಧ ಮಾಡಬೇಕು. 96 ಗುಳಿಗಳ ತಟ್ಟೆಯಲ್ಲಿ ಹನಿಹನಿ ಹಾಕಿ ಹರಳಿಗಾಗಿ ಕಾಯಬೇಕು. ಹರಳು ಬಂತು ಅಂತ ಖುಷಿಪಟ್ಟರೆ ಅದು ಬರೀ ಉಪ್ಪಿನದ್ದು ಆಗಿರುತ್ತದೆ. ನಿಜವಾದದ್ದು ಸಿಕ್ಕಿದರೆ ದ್ರವ ಸಾರಜನಕದಲ್ಲಿ ಮುಳುಗಿಸಿ ಸಿಂಕ್ರೊಟ್ರಾನ್‌ಗೆ, ಅಂದರೆ ಬಹಳ ತೀವ್ರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರಕ್ಕೆ, ಕಳಿಸಬೇಕು. ಇಂದೋರ್‌ನ ಇಂಡಸ್-2ರಲ್ಲಿ ಮುಂಬೈಯ ಬಿಎಆರ್‌ಸಿಯವರು ಪ್ರೊಟೀನ್ ಹರಳುಗಳಿಗಾಗಿಯೇ ಒಂದು ಬೀಮ್‌ಲೈನ್, ಅಂದರೆ ಎಕ್ಸ್-ರೇ ಹಾಯಿಸುವ ಜಾಗ, ಮಾಡಿದ್ದಾರೆ. ಫ್ರಾನ್ಸಿನ ಗ್ರೆನೋಬಲ್‌ಗೂ ಕಳಿಸುತ್ತಾರೆ. ತಾಳ್ಮೆ ಇಲ್ಲದವರಿಗೆ ಇದು ಕಷ್ಟ. ಕೋಡಿಂಗೂ ಇದರಲ್ಲೇ ಇದೆ. ಲ್ಯಾಬ್, ಕಂಪ್ಯೂಟರ್ ಎರಡನ್ನೂ ಬಲ್ಲವರಿಗೆ ಈಗ ಬೇಡಿಕೆ ಜಾಸ್ತಿ.

ಮೈದುನ_ಬಾಣೇರ್
ಎರಡೂ ಕಲಿಸುವ ಗೈಡ್ ಆದರೆ ಯೋಚಿಸಬಹುದು. ಬರೀ ತಟ್ಟೆ ತೊಳೆಸುವ ಲ್ಯಾಬ್ ಆದರೆ ಬೇಡ.

ಸ್ಮಿತಾ_ಔಂಧ್
ಮಗಳೂ ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ಅವಳ ಪ್ರಶ್ನೆ: ಆಲ್ಫಾಫೋಲ್ಡ್ ಚಿತ್ರ ಸರಿ ಇದೆಯೋ ಇಲ್ಲವೋ ಅಂತ ನೋಡಲು ಇವತ್ತಿಗೂ ರಾಮಚಂದ್ರನ್ ನಕ್ಷೆಯೇ ಬಳಸುತ್ತಾರಂತೆ, ಹೌದಾ?

ಪಾಷಾಣ್_ಲ್ಯಾಬ್
ಹೌದಮ್ಮ. ಜಿ. ಎನ್. ರಾಮಚಂದ್ರನ್ ಮದ್ರಾಸಿನಲ್ಲಿ 1963ರಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಪ್ರಕಟಿಸಿದ್ದು. ಪ್ರೊಟೀನ್ ಸರಪಳಿ ಯಾವ ಕೋನದಲ್ಲಿ ತಿರುಗಬಹುದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ತಿರುಗಲಾಗದು ಅಂತ ಲೆಕ್ಕ ಹಾಕಿದರು. ಡೇಟಾ ಬ್ಯಾಂಕ್‌ಗೆ ರಚನೆ ಕಳಿಸಿದಾಗ ಬರುವ ವರದಿಯಲ್ಲಿ ಇಂದಿಗೂ ಅದರ ಲೆಕ್ಕ ಇರುತ್ತದೆ. ಆಮೇಲೆ ಅವರು ಬೆಂಗಳೂರಿನ ಐಐಎಸ್ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ದೇಶದ ಎಷ್ಟೋ ಲ್ಯಾಬ್‌ಗಳ ಬೇರು ಅಲ್ಲಿದೆ.

ಮಡಗಾಂವ್_ಕಾಮತ್
ಡಾಕ್ಟ್ರು ಹಾವಿನ ವಿಷದಿಂದ ಬಿಪಿ ಮಾತ್ರೆ ಅಂದಾಗಿನಿಂದ ಕೇಳಬೇಕು ಅಂದುಕೊಂಡಿದ್ದೆ. ನಮ್ಮ ಗದ್ದೆ ಕಡೆ ಮಳೆಗಾಲದಲ್ಲಿ ಹಾವು ಕಚ್ಚುವುದು ಇದ್ದೇ ಇದೆ. ಮೇಲೆ ರಾಘು ಹೇಳಿದ ಡೇವಿಡ್ ಬೇಕರ್ ಅವರು ಕಂಪ್ಯೂಟರ್‌ನಲ್ಲೇ ಹಾವಿನ ವಿಷಕ್ಕೆ ಮದ್ದು ಮಾಡಿದರು ಅಂತ ಓದಿದೆ. ಇನ್ನು ಕುದುರೆಗೆ ವಿಷ ಚುಚ್ಚಿ ಆಂಟಿವೆನಮ್ ಮಾಡುವುದು ನಿಲ್ಲುತ್ತದಾ?

ಪಾಷಾಣ್_ಲ್ಯಾಬ್
ಸದ್ಯಕ್ಕಂತೂ ಇಲ್ಲ. 2025ರ ಜನವರಿಯಲ್ಲಿ ಬಂದ ಆ ಕೆಲಸ ನಾಗರಹಾವಿನ ಜಾತಿಯ ಹಾವುಗಳ ವಿಷದಲ್ಲಿರುವ ಒಂದು ಗುಂಪಿನ ಪ್ರೊಟೀನ್‌ಗಳ ಮೇಲೆ. ಅವಕ್ಕೆ ಅಂಟುವ ಹೊಸ ಪ್ರೊಟೀನ್‌ಗಳನ್ನು ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡಿ, ಲ್ಯಾಬ್‌ನಲ್ಲಿ ಬೆಳೆಸಿ, ಹರಳು ಮಾಡಿ ನೋಡಿದರು. ವಿಷ ಕೊಟ್ಟ ಇಲಿಗಳು ಬದುಕಿದವು. ಮನುಷ್ಯರ ಮೇಲೆ ಇನ್ನೂ ಪ್ರಯೋಗ ಆಗಬೇಕು. ನಮ್ಮಲ್ಲಿ ಜಾಸ್ತಿ ಜನರನ್ನು ಕೊಲ್ಲುವುದು ಕೊಳಕುಮಂಡಲ, ಇಲ್ಲಿಯವರು ಘೋಣಸ್ ಅನ್ನುತ್ತಾರೆ. ಅದರ ವಿಷದ ಮುಖ್ಯ ಪ್ರೊಟೀನ್‌ಗಳೇ ಬೇರೆ.

ಮಡಗಾಂವ್_ಕಾಮತ್
ಹಾಗಾದರೆ ಕೊಳಕುಮಂಡಲಕ್ಕೆ ಯಾರೂ ಕೈಹಾಕಿಲ್ಲವಾ?

ಡಾಕ್ಟ್ರು_ಚಿಂಚವಡ್
ಹಾಕಿದ್ದಾರೆ ಕಾಮತ್ರೇ. ಅದರ ವಿಷದಲ್ಲಿ ಫಾಸ್ಫೊಲಿಪೇಸ್ ಎ2 ಎಂಬ ಪ್ರೊಟೀನ್ ಜಾಸ್ತಿ. ಅದೇ ಕುಟುಂಬದ್ದು ನಮ್ಮ ಮೈಯಲ್ಲೂ ಇದೆ. 1990ರ ದಶಕದಲ್ಲಿ ಅಮೆರಿಕದ ಲಿಲ್ಲಿ ಕಂಪನಿ ಮನುಷ್ಯರ ಆ ಪ್ರೊಟೀನ್‌ನ ರಚನೆ ನೋಡಿ ಅದನ್ನು ತಡೆಯುವ ಅಣುಗಳನ್ನು ಮಾಡಿತು. ಅದರಲ್ಲಿ ಒಂದು ವಾರೆಸ್ಪ್ಲಾಡಿಬ್. ಹೃದಯದ ಕಾಯಿಲೆಗೆ ಅಂತ ದೊಡ್ಡ ಪ್ರಯೋಗ ನಡೆಸಿದರು, ಉಪಯೋಗ ಆಗಲಿಲ್ಲ, 2012ರಲ್ಲಿ ನಿಲ್ಲಿಸಿದರು. ಆಮೇಲೆ ಹಾವಿನ ವಿಷದ ಮೇಲೆ ಅದು ಚೆನ್ನಾಗಿ ಕೆಲಸ ಮಾಡುವುದು ಗೊತ್ತಾಯಿತು. ಭಾರತ ಮತ್ತು ಅಮೆರಿಕದಲ್ಲಿ ಹಾವು ಕಚ್ಚಿದವರಿಗೆ ಆಂಟಿವೆನಮ್ ಜೊತೆ ಕೊಟ್ಟು ನೋಡಿದರು. ಒಟ್ಟಾರೆ ಫಲ ಅಂದುಕೊಂಡಷ್ಟು ಬರಲಿಲ್ಲ. ಕಚ್ಚಿದ ಕೆಲವೇ ಗಂಟೆಗಳಲ್ಲಿ ಕೊಟ್ಟವರಲ್ಲಿ ಮಾತ್ರ ಆಸೆ ಹುಟ್ಟಿಸುವಂತಿತ್ತು. ನುಂಗುವ ರೂಪದಲ್ಲೂ ಕೊಡಬಹುದಾದ್ದರಿಂದ ಆಸ್ಪತ್ರೆ ದೂರ ಇರುವ ಊರುಗಳಿಗೆ ಮುಂದೆ ಬಹಳ ಉಪಯೋಗ ಆದೀತು. ಈಗಂತೂ ಕಚ್ಚಿದರೆ ಗಾಯ ಕುಯ್ಯಬೇಡಿ, ಹಗ್ಗ ಬಿಗಿಯಬೇಡಿ, ಆಂಟಿವೆನಮ್ ಇರುವ ಆಸ್ಪತ್ರೆ ಯಾವುದು ಅಂತ ಮಳೆಗಾಲಕ್ಕೆ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.